ಅಳತೆಯೂ ಆರೈಕೆಯೂ

ಮನುಷ್ಯನನ್ನು ಬಾಧಿಸುವ ರೋಗಗಳಲ್ಲಿ ಎರಡು ಬಗೆಯುಂಟು. ಕೆಲವು ಬಿರುಗಾಳಿಯಂತೆ ಬಂದು ಹೋಗುತ್ತವೆ. ವಾಂತಿಭೇದಿಯಾಗಲಿ ಮಲೇರಿಯವಾಗಲಿ ಬಂದಾಗ ರೋಗಿಯು ಹಾಸಿಗೆ ಹಿಡಿಯುತ್ತಾನೆ, ವೈದ್ಯರು ಔಷಧ ಕೊಡುತ್ತಾರೆ, ಕೆಲವು ದಿನಗಳಲ್ಲಿ ಅವನು ಎದ್ದು ಓಡಾಡುತ್ತಾನೆ. ಮತ್ತೆ ಕೆಲವು ರೋಗಗಳು ಬಂದ ನೆಂಟನು ಮರಳಿ ಹೋಗದೆ ಮನೆಯಲ್ಲಿಯೇ ಬೀಡುಬಿಟ್ಟಂತೆ ಒಳಗೆ ನೆಲೆಸಿಬಿಡುತ್ತವೆ. ರಕ್ತದ ಏರೊತ್ತಡ ಮತ್ತು ಮಧುಮೇಹಗಳು ಈ ಎರಡನೆಯ ಜಾತಿಯವು. ಕ್ಷಯವು ಸಂಪೂರ್ಣವಾಗಿ ವಾಸಿಯಾಗುವ ರೋಗವೇ ಆದರೂ ಅದರ ಚಿಕಿತ್ಸೆಗೆ ಸಾಮಾನ್ಯವಾಗಿ 6 ತಿಂಗಳು ಬೇಕಾಗುವುದರಿಂದ ಅದನ್ನೂ ಇವುಗಳ ಪಂಕ್ತಿಯಲ್ಲಿಯೇ ಇರಿಸಬಹುದು. ಇಂತಹ ದೀರ್ಘಕಾಲದ ರೋಗವುಳ್ಳವನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ವೈದ್ಯರ ಮುಂದೆ ಕಾಲು ಗಂಟೆ ಕುಳಿತು ಬರುತ್ತಾನೆಂದು ಭಾವಿಸಿದರೆ, 30 ದಿನಗಳ 720 ಗಂಟೆಗಳಲ್ಲಿ ಉಳಿದುದೆಲ್ಲವೂ ಮನೆಯಲ್ಲಿ, ಹೊಲದಲ್ಲಿ, ದುಡಿಮೆಯ ನೆಲೆಯಲ್ಲಿ ಕಳೆಯುತ್ತದೆ. ರೋಗವು ಬೆಳೆಯುವುದೂ ತಗ್ಗುವುದೂ ಆ ಗಂಟೆಗಳಲ್ಲಿಯೇ. ಅಲ್ಲಿ ವೈದ್ಯರಿಲ್ಲ, ಇರುವವರು ಮನೆಯವರು ಮಾತ್ರ.

ರಾಯಚೂರು ಜಿಲ್ಲೆಯಲ್ಲಿ ಈ ಮಾತಿನ ಭಾರವು ಇನ್ನಷ್ಟು ಹೆಚ್ಚು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎರೆಭೂಮಿಯ ಬಯಲು. ದೊಡ್ಡ ಆಸ್ಪತ್ರೆಯೆಂದರೆ ರಾಯಚೂರು ನಗರದಲ್ಲಿರುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದು. ಜನರು ಅದನ್ನು ರಿಮ್ಸ್ ಎಂದೇ ಕರೆಯುತ್ತಾರೆ. ಮಾನ್ವಿಯಿಂದ ಅಲ್ಲಿಗೆ ಸುಮಾರು 45 ಕಿಲೋಮೀಟರು. ದೇವದುರ್ಗದಿಂದ 50ಕ್ಕೂ ಹೆಚ್ಚು. ಈ ದೂರವು ತಾಲ್ಲೂಕು ಕೇಂದ್ರಗಳದು ಮಾತ್ರ. ಹಳ್ಳಿಯಿಂದ ತಾಲ್ಲೂಕಿಗೆ ಬಸ್ಸು ಹಿಡಿಯುವ ದೂರವು ಇದರಲ್ಲಿ ಸೇರಿಲ್ಲ. ತಾಲ್ಲೂಕು ಆಸ್ಪತ್ರೆಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಂಟು. ಆದರೂ ಕೂಲಿಯನ್ನು ನೆಚ್ಚಿದವನಿಗೆ ಒಂದು ದಿನದ ಆಸ್ಪತ್ರೆಯೆಂದರೆ ಒಂದು ದಿನದ ಕೂಲಿ ಹೋದಂತೆಯೇ. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿಗೂ ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗಕ್ಕೂ ನೀರು ತಂದಿವೆಯಾದರೂ ಅದು ಎಲ್ಲ ಹೊಲಗಳನ್ನೂ ಮುಟ್ಟಿಲ್ಲ. ನೀರು ಮುಟ್ಟದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಜನರು ಬೆಂಗಳೂರಿನಂತಹ ನಗರಗಳಿಗೆ ಗುಳೆ ಹೋಗುತ್ತಾರೆ. ದುಡಿಯುವ ಮಕ್ಕಳು ಹೊರಟುಹೋದ ಮನೆಯಲ್ಲಿ ಉಳಿಯುವವರು ಮುದುಕರು, ಅವರ ಗುಳಿಗೆಯ ಚೀಟಿಗಳು, ಕೆಲವೊಮ್ಮೆ ಶಾಲೆಗೆ ಹೋಗುವ ಮೊಮ್ಮಕ್ಕಳು. ಅಜ್ಜಿಯ ಗುಳಿಗೆಯ ಹೊತ್ತನ್ನು ನೆನಪಿಡುವ ಹೊಣೆ ಒಂಬತ್ತನೆಯ ತರಗತಿಯ ಹುಡುಗಿಯ ಮೇಲೆ ಬೀಳುವುದು ಇಂತಹ ಮನೆಗಳಲ್ಲಿ ಅಪರೂಪವೇನಲ್ಲ.

ಏರೊತ್ತಡ ಮತ್ತು ಮಧುಮೇಹಗಳ ಕಪಟವೇನೆಂದರೆ ಅವು ಬಹುಕಾಲ ನೋವು ಕೊಡುವುದಿಲ್ಲ. ಮುಳ್ಳು ಚುಚ್ಚಿದರೆ ಕಾಲು ಹೇಳುತ್ತದೆ. ರಕ್ತನಾಳವು ಒಳಗಿಂದೊಳಗೆ ಗಡುಸಾಗುತ್ತಿದ್ದರೆ ಯಾವ ಅಂಗವೂ ಹೇಳುವುದಿಲ್ಲ. ಆದುದರಿಂದಲೇ ಹಳ್ಳಿಯ ಹಿರಿಯರು, “ಮೈ ಹಗುರಾಗ್ಯದ, ಮತ್ಯಾಕ ಗುಳಿಗಿ?” ಎಂದು ಔಷಧವನ್ನು ನಿಲ್ಲಿಸಿಬಿಡುತ್ತಾರೆ. ಅವರ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಮೈ ಕೊಡುವ ಸಾಕ್ಷಿಯಲ್ಲಿ. ಪಾರ್ಶ್ವವಾಯು ಬಡಿದ ದಿನವೋ ಕಣ್ಣು ಮಂಜಾದ ದಿನವೋ ಆ ಸಾಕ್ಷಿಯು ಸುಳ್ಳೆಂದು ತಿಳಿಯುವಾಗ ಕಾಲ ಮಿಂಚಿರುತ್ತದೆ. ಮೈ ಹೇಳದ ಸಂಗತಿಯನ್ನು ಹೇಳಿಸಲು ಅಳತೆಯೊಂದೇ ದಾರಿ.

ಅಳೆಯುವ ವಿದ್ಯೆಯು ನಿಧಾನವಾಗಿ ಬೆಳೆಯಿತು. ಇಟಲಿಯ ವೈದ್ಯ ರಿವಾ ರೊಚ್ಚಿಯು 1896ರಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಪಾದರಸದ ಕಂಬದಿಂದ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಪ್ರಕಟಪಡಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೋವನು ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿರಿಸಿ, ನಾಡಿಯ ಸದ್ದು ಕೇಳತೊಡಗುವ ಬಿಂದುವನ್ನೂ ಅದು ಅಡಗುವ ಬಿಂದುವನ್ನೂ ಗುರುತಿಸುವ ಕ್ರಮವನ್ನು ತೋರಿಸಿದನು. ಅಂದಿನಿಂದ ಬಹುಕಾಲ ಈ ಅಳತೆಯು ತರಬೇತಿ ಪಡೆದ ಕಿವಿಗಳ ಸ್ವತ್ತಾಗಿತ್ತು. ರೋಗಿಯು ತನ್ನ ಮನೆಯಲ್ಲಿ ತಾನೇ ಅಳೆದುಕೊಳ್ಳಬಹುದೆಂಬ ವಿಚಾರವನ್ನು ವೈದ್ಯಲೋಕವು ಸುಲಭವಾಗಿ ಒಪ್ಪಲಿಲ್ಲ. ಅದಕ್ಕೆ ದಾರಿ ತೆರೆದ ಪ್ರಸಂಗಗಳಲ್ಲಿ ಒಂದು ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನನದು.

ಬರ್ನ್‌ಸ್ಟೀನನು ವೃತ್ತಿಯಿಂದ ಎಂಜಿನಿಯರು. 1946ರಲ್ಲಿ, ತನ್ನ 12ನೆಯ ವಯಸ್ಸಿನಲ್ಲಿಯೇ ಮಧುಮೇಹಕ್ಕೆ ತುತ್ತಾದವನು. ಪ್ರತಿದಿನ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೂ ಅವನ ದೇಹವು ಕುಗ್ಗುತ್ತ ಬಂದಿತು. 1969ರ ಸುಮಾರಿಗೆ ಅವನ ಕಣ್ಣಿಗೆ ಒಂದು ಜಾಹೀರಾತು ಬಿದ್ದಿತು. ಒಂದು ಹನಿ ರಕ್ತದಿಂದ ನಿಮಿಷದೊಳಗೆ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಯಂತ್ರವದು. ರಾತ್ರಿ ಪ್ರಯೋಗಾಲಯ ಮುಚ್ಚಿರುವಾಗ, ಪ್ರಜ್ಞೆ ತಪ್ಪಿ ಬಂದವನು ಮಧುಮೇಹಿಯೋ ಕುಡಿದವನೋ ಎಂದು ಆಸ್ಪತ್ರೆಯವರು ಕಂಡುಕೊಳ್ಳಲೆಂದು ಅದನ್ನು ಮಾರುತ್ತಿದ್ದರು. ತೂಕ ಒಂದು ಕಿಲೋಗ್ರಾಮಿಗಿಂತ ಹೆಚ್ಚು, ಬೆಲೆ 650 ಡಾಲರು. ವೈದ್ಯರಲ್ಲದವರಿಗೆ ಅದನ್ನು ಮಾರುವಂತಿರಲಿಲ್ಲ. ಅವನ ಪತ್ನಿ ವೈದ್ಯೆಯಾಗಿದ್ದುದರಿಂದ ಆಕೆಯ ಹೆಸರಿನಲ್ಲಿ ಯಂತ್ರವನ್ನು ತರಿಸಿಕೊಂಡನು. ದಿನಕ್ಕೆ ಹಲವು ಬಾರಿ ರಕ್ತವನ್ನು ಪರೀಕ್ಷಿಸಿದಾಗ ತನ್ನ ಸಕ್ಕರೆಯು ಒಂದೇ ದಿನದಲ್ಲಿ ಬೆಟ್ಟವೇರಿ ಕಣಿವೆಗಿಳಿಯುತ್ತಿರುವುದು ಗೋಚರವಾಯಿತು. ಊಟವನ್ನೂ ಇನ್ಸುಲಿನ್ನಿನ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಅವನು ಚೇತರಿಸಿಕೊಂಡನು. ಇದನ್ನು ಬರೆದು ಕಳುಹಿಸಿದರೆ ವೈದ್ಯಪತ್ರಿಕೆಗಳು ಪ್ರಕಟಿಸಲಿಲ್ಲ. ತನ್ನ ಮಾತನ್ನು ಕೇಳುವವರಿಲ್ಲವೆಂದು ಕಂಡು, 45ನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿ ತಾನೇ ವೈದ್ಯನಾದನು. ಅವನು ನಿಧನ ಹೊಂದಿದುದು 2025ರಲ್ಲಿ, 90 ವರ್ಷ ದಾಟಿದ ಮೇಲೆ. ಗಂಡನಿಗಾಗಿ ಯಂತ್ರವನ್ನು ತರಿಸಿಕೊಟ್ಟ ಆ ಪತ್ನಿಯ ಪಾತ್ರವು ಈ ಕಥೆಯಲ್ಲಿ ಚಿಕ್ಕದೆಂದು ತೋರಬಹುದು. ಆಕೆಯಿಲ್ಲದಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಇಂದು ಆ ಯಂತ್ರವು ಅಂಗೈಯಗಲಕ್ಕೆ ಇಳಿದು ರಾಯಚೂರಿನ ಔಷಧದಂಗಡಿಗಳಲ್ಲಿಯೂ ದೊರೆಯುತ್ತದೆ. ಅದೇ ಗ್ಲುಕೋಮೀಟರು. ಅದರ ಕಾಗದದಂತಹ ಪಟ್ಟಿಯ ತುದಿಯಲ್ಲಿ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ರಕ್ತದಲ್ಲಿರುವ ಸಕ್ಕರೆಯೊಡನೆ ಅದು ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಪ್ರವಾಹವು ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಪ್ರವಾಹವು ಹೆಚ್ಚು. ಯಂತ್ರವು ಅದನ್ನು ಅಂಕೆಯನ್ನಾಗಿ ತೋರಿಸುತ್ತದೆ. ಮನೆಯಲ್ಲಿ ಬಳಸುವ ಬಿ.ಪಿ. ಯಂತ್ರದ ಯುಕ್ತಿ ಬೇರೆ. ಪಟ್ಟಿಯಲ್ಲಿ ತುಂಬಿದ ಗಾಳಿಯು ಮೆಲ್ಲಗೆ ಇಳಿಯುವಾಗ, ಒತ್ತಲ್ಪಟ್ಟ ರಕ್ತನಾಳವು ಪ್ರತಿ ಬಡಿತಕ್ಕೂ ಪಟ್ಟಿಯನ್ನು ಸೂಕ್ಷ್ಮವಾಗಿ ನಡುಗಿಸುತ್ತದೆ. ಈ ನಡುಕವು ಅತ್ಯಂತ ಹೆಚ್ಚಾಗುವ ಬಿಂದುವನ್ನು ಯಂತ್ರವು ಹಿಡಿದು, ಅದರಿಂದ ಮೇಲಿನ ಮತ್ತು ಕೆಳಗಿನ ಒತ್ತಡಗಳನ್ನು ಗಣಿಸುತ್ತದೆ. ಕಿವಿಯ ಕೆಲಸವನ್ನು ಗಣಿತವು ವಹಿಸಿಕೊಂಡಿತು.

ಆದರೆ ಯಂತ್ರವು ಸತ್ಯವನ್ನು ಹೇಳಬೇಕಾದರೆ ಮನುಷ್ಯನು ಅದಕ್ಕೆ ಅವಕಾಶ ಕೊಡಬೇಕು. ಬಿಸಿಲಲ್ಲಿ ನಡೆದು ಬಂದ ಕೂಡಲೇ ತೋಳು ಚಾಚಿದರೆ ಒತ್ತಡವು ಹೆಚ್ಚು ತೋರುತ್ತದೆ. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕುಳಿತಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಅಳೆಯುವ ಅರ್ಧ ಗಂಟೆ ಮುಂಚಿನಿಂದ ಚಹಾ, ಬೀಡಿ, ತಂಬಾಕುಗಳು ಸಲ್ಲವು, ಅಳೆಯುವಾಗ ಮಾತಾಡಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಬಿಗಿದರೂ ಅಳತೆಯು ಏರುತ್ತದೆ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಅಳೆದಾಗ 140ಕ್ಕೆ 90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಅದನ್ನು ಏರೊತ್ತಡವೆಂದು ಪರಿಗಣಿಸುವುದು ವಾಡಿಕೆ. ಮನೆಯ ಅಳತೆಗೆ ಈ ಗಡಿಯು 135ಕ್ಕೆ 85. ಏಕೆಂದರೆ ಮನೆಯಲ್ಲಿ ಮನಸ್ಸು ನೆಮ್ಮದಿಯಾಗಿರುತ್ತದೆ. ಒಂದು ದಿನದ ಒಂದು ಅಂಕೆಗೆ ಹೆದರಬೇಕಾದುದಿಲ್ಲ, ಹಿಗ್ಗಬೇಕಾದುದೂ ಇಲ್ಲ. ಹಲವು ದಿನಗಳ ಅಂಕೆಗಳನ್ನು ಸಾಲಾಗಿ ಬರೆದಿಟ್ಟಾಗಲೇ ಅವು ವೈದ್ಯರೊಡನೆ ಮಾತಾಡತೊಡಗುತ್ತವೆ.

ರಾಯಚೂರಿನ ಬಿಸಿಲಿಗೂ ಈ ಉಪಕರಣಗಳಿಗೂ ಹಗೆತನವಿದೆ. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಈ ನಾಡಿನಲ್ಲಿ, ತಗಡಿನ ಮಾಡಿನ ಕೆಳಗೆ ತೆರೆದಿಟ್ಟ ಪರೀಕ್ಷಾಪಟ್ಟಿಗಳು ಕೆಟ್ಟು ತಪ್ಪು ಅಂಕೆಯನ್ನು ಕೊಡುತ್ತವೆ. ಆದುದರಿಂದ ಅವುಗಳ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ತಂಪಾದೆಡೆಯಲ್ಲಿ ಇಡಬೇಕು. ಇನ್ಸುಲಿನ್ನಿನ ಪಾಡು ಇನ್ನೂ ನಾಜೂಕು. ಬಳಕೆಯಲ್ಲಿರುವ ಸೀಸೆಯು 25ರಿಂದ 30 ಡಿಗ್ರಿಯೊಳಗೆ ಸುಮಾರು 4 ವಾರ ಬಾಳುತ್ತದೆ. ಅದಕ್ಕೂ ಮೀರಿದ ಕಾವಿನಲ್ಲಿ ಅದರ ಸತ್ವವು ಬೇಗ ಕುಂದುತ್ತದೆ. ಹೆಪ್ಪುಗಟ್ಟಿದರಂತೂ ಅದು ಪೂರ್ತಿ ನಿಷ್ಪ್ರಯೋಜಕ. ತಂಪುಪೆಟ್ಟಿಗೆಯಿಲ್ಲದ, ಅಥವಾ ಅದಿದ್ದೂ ವಿದ್ಯುತ್ತು ನಿಲ್ಲದ ಮನೆಯಲ್ಲಿ ಏನು ಮಾಡಬೇಕು? ಇದಕ್ಕೆ ಉತ್ತರವು ಕುಂಬಾರನ ಮನೆಯಲ್ಲಿದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿರಿಸಿ ನಡುವೆ ಒದ್ದೆ ಮರಳನ್ನು ತುಂಬಿ, ಸೀಸೆಯನ್ನು ಒಳಗಿಟ್ಟರೆ, ನೀರು ಆವಿಯಾಗುವಾಗ ಕಾವನ್ನು ಹೀರಿಕೊಂಡು ಒಳಗನ್ನು ತಂಪಾಗಿರಿಸುತ್ತದೆ. ಗಾಳಿ ಒಣಗಿದಷ್ಟೂ ಈ ತಂಪು ಹೆಚ್ಚು. ಆದುದರಿಂದ ಬಯಲುಸೀಮೆಯ ಒಣಹವೆಯೇ ಇಲ್ಲಿ ನೆರವಿಗೆ ಬರುತ್ತದೆ. ಯಂತ್ರಗಳ ಮಾತಿನ ನಡುವೆ ಮಡಕೆಯ ಮಾತೇಕೆಂದು ಕೇಳುವವರಿರಬಹುದು. ರೋಗಿಗೆ ಬೇಕಾದುದು ಹೊಸತನವಲ್ಲ, ಕೆಡದ ಔಷಧ.

ಅಳತೆಯು ದೇಹವನ್ನು ಬಿಟ್ಟು ರೋಗಿಯ ನಡವಳಿಕೆಯ ಕಡೆಗೆ ತಿರುಗಿದಾಗ ಸಂಗತಿಯು ಜಟಿಲವಾಗುತ್ತದೆ. ಕ್ಷಯರೋಗದ ಇತಿಹಾಸವು ಇದಕ್ಕೆ ನಿದರ್ಶನ. ಒಂದು ಕಾಲದಲ್ಲಿ ಕ್ಷಯರೋಗಿಗಳನ್ನು ಊರಾಚೆಯ ಆರೋಗ್ಯಧಾಮಗಳಲ್ಲಿ ಇರಿಸುತ್ತಿದ್ದರು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವು ರೋಗಿಗಳ ಒಂದು ಗುಂಪನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಮನೆಯಲ್ಲಿಯೂ ಇರಿಸಿ ಒಂದೇ ಔಷಧವನ್ನು ಕೊಟ್ಟು ನೋಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶವು ಜಗತ್ತನ್ನೇ ಬೆರಗುಗೊಳಿಸಿತು. ಇಕ್ಕಟ್ಟಾದ ಮನೆಗಳಲ್ಲಿ, ಬಡತನದ ಊಟ ಉಂಡುಕೊಂಡಿದ್ದವರೂ ಆರೋಗ್ಯಧಾಮದವರಷ್ಟೇ ಚೆನ್ನಾಗಿ ಗುಣಮುಖರಾಗಿದ್ದರು. ಆದರೆ ಒಂದು ಷರತ್ತು ಇತ್ತು: ಔಷಧವನ್ನು ತಪ್ಪದೆ ನುಂಗಿರಬೇಕು. ನುಂಗಿದರೋ ಇಲ್ಲವೋ ಎಂದು ತಿಳಿಯಲು ಆ ಕೇಂದ್ರದವರು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಗುಳಿಗೆಗಳನ್ನು ಎಣಿಸುತ್ತಿದ್ದರು, ಮೂತ್ರವನ್ನು ಪರೀಕ್ಷಿಸುತ್ತಿದ್ದರು.

1997ರಿಂದ ಭಾರತವು ಅನುಸರಿಸಿದ ಡಾಟ್ಸ್ ಕ್ರಮದಲ್ಲಿ ರೋಗಿಯು ಆರೋಗ್ಯ ಸಿಬ್ಬಂದಿಯ ಕಣ್ಣೆದುರಿಗೇ ಗುಳಿಗೆಯನ್ನು ನುಂಗಬೇಕಾಗಿತ್ತು. ಇದರಿಂದ ಲಕ್ಷಾಂತರ ಜನರು ಬದುಕಿದರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಹತ್ತಿ ಬಿಡಿಸುವ ಕೂಲಿಗಾರ್ತಿಯೊಬ್ಬಳು ವಾರಕ್ಕೆ ಮೂರು ಬಾರಿ ಕೆಲಸ ಬಿಟ್ಟು ಕೇಂದ್ರಕ್ಕೆ ನಡೆಯುವುದು ಎಷ್ಟು ದಿನ ಸಾಧ್ಯ? 2017ರಲ್ಲಿ ದಿನನಿತ್ಯದ ಔಷಧಕ್ರಮವು ಬಂದಾಗ ಪ್ರತಿದಿನವೂ ಎದುರಿಗೆ ನುಂಗಿಸುವುದು ಇನ್ನೂ ಕಷ್ಟವಾಯಿತು. ಇದಕ್ಕೆ ಪರಿಹಾರವಾಗಿ ಬಂದ ಉಪಾಯಗಳಲ್ಲೊಂದು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರೂಪುಗೊಂಡ 99 ಡಾಟ್ಸ್. ಅದರ ಸರಳತೆಯು ಮೆಚ್ಚತಕ್ಕದ್ದು. ಗುಳಿಗೆಯ ಪಟ್ಟಿಗೆ ಒಂದು ರಟ್ಟಿನ ಹೊದಿಕೆ. ಗುಳಿಗೆಯನ್ನು ಒತ್ತಿ ಹೊರತೆಗೆದಾಗ ಹೊದಿಕೆಯಡಿಯಲ್ಲಿ ಅಡಗಿದ್ದ ಒಂದು ದೂರವಾಣಿ ಸಂಖ್ಯೆಯು ಕಾಣಿಸುತ್ತದೆ. ರೋಗಿಯು ತನ್ನ ಸಾಧಾರಣ ಮೊಬೈಲಿನಿಂದ ಆ ಸಂಖ್ಯೆಗೆ ಕರೆ ಮಾಡಿದರೆ ಸಾಕು, ಖರ್ಚಿಲ್ಲದೆ ಆ ದಿನದ ಲೆಕ್ಕ ದಾಖಲಾಗುತ್ತದೆ. ಕರೆ ಬಾರದ ದಿನ ಸಿಬ್ಬಂದಿಗೆ ಸುಳಿವು ದೊರೆಯುತ್ತದೆ. ನಾಡಿನ ಜನಸಾಮಾನ್ಯರಿಗೆ ‘ಮಿಸ್ಡ್ ಕಾಲ್’ ಕೊಡುವ ಕಲೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇದು ಎಷ್ಟು ನಿಖರವೆಂಬುದನ್ನು ಚೆನ್ನೈ, ವೆಲ್ಲೂರು, ಮುಂಬಯಿಗಳಲ್ಲಿ ಸಂಶೋಧಕರು ಪರೀಕ್ಷಿಸಿದರು. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮೂತ್ರಪರೀಕ್ಷೆ ಮಾಡಿ ಕರೆಯ ದಾಖಲೆಯೊಡನೆ ತಾಳೆ ನೋಡಿದಾಗ ಎರಡೂ ಎಷ್ಟೋ ಕಡೆ ಹೊಂದಲಿಲ್ಲ. ಗುಳಿಗೆ ನುಂಗಿಯೂ ಕರೆ ಮಾಡದವರಿದ್ದರು. ಕರೆ ಮಾಡಿಯೂ ನುಂಗದವರಿದ್ದರು. ಇದು ಅಚ್ಚರಿಯ ಸಂಗತಿಯಲ್ಲ. ಮನೆಯ ಒಂದೇ ಮೊಬೈಲು ಗಂಡನ ಜೇಬಿನಲ್ಲಿ ಹೊರಗೆ ಹೋಗಿದ್ದರೆ ಹೆಂಡತಿಯು ಕರೆ ಮಾಡುವುದೆಂತು? 2020ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಕರೆಯು ಕರೆಯ ಸಾಕ್ಷಿಯೇ ಹೊರತು ಗುಳಿಗೆಯ ಸಾಕ್ಷಿಯಲ್ಲವೆಂಬುದು ಸ್ಪಷ್ಟವಾಯಿತು. ಹಾಗೆಂದು ಉಪಾಯವು ವ್ಯರ್ಥವೆನ್ನಲಾಗದು. ಕರೆ ಬಾರದ ದಿನ ಯಾರಾದರೂ ಮನೆಗೆ ಹೋಗಿ, ಗದರಿಸದೆ, “ಯಾಕವ್ವ, ಮೈಗೆ ಆರಾಮಿಲ್ಲೇನು? ಗುಳಿಗಿ ತಗೊಂಡ್ರ ವಾಂತಿ ಬರ್ತದೇನು?” ಎಂದು ವಿಚಾರಿಸಿದರೆ ಆ ಸುಳಿವು ಸಾರ್ಥಕ. ಹೋಗುವವರೇ ಇಲ್ಲದಿದ್ದರೆ ಅದು ಗಣಕಯಂತ್ರದಲ್ಲಿ ಬಿದ್ದಿರುವ ಒಂದು ಕೆಂಪು ಚುಕ್ಕೆ. ಗುಳೆ ಹೋಗುವ ಕುಟುಂಬಗಳಿಗೆ ಇನ್ನೊಂದು ಅನುಕೂಲವು 2012ರಲ್ಲಿ ಆರಂಭವಾದ ನಿಕ್ಷಯ್ ಎಂಬ ದಾಖಲೆ ವ್ಯವಸ್ಥೆಯಿಂದ ಒದಗಿದೆ. ರೋಗಿಯ ಹೆಸರು, ಔಷಧ, ಚಿಕಿತ್ಸೆಯ ಹಂತಗಳು ಅದರಲ್ಲಿರುವುದರಿಂದ ದೇವದುರ್ಗದಲ್ಲಿ ಪ್ರಾರಂಭಿಸಿದ ಚಿಕಿತ್ಸೆಯನ್ನು ಬೆಂಗಳೂರಿನ ಸರ್ಕಾರಿ ಕೇಂದ್ರದಲ್ಲಿ ಮುಂದುವರಿಸಬಹುದು. ಹೊರಡುವ ಮುನ್ನ ಆರೋಗ್ಯ ಸಿಬ್ಬಂದಿಗೆ ತಿಳಿಸಿರಬೇಕು, ಅಷ್ಟೆ.

ಏರೊತ್ತಡದ ವಿಷಯದಲ್ಲಿಯೂ ಇದೇ ಪಾಠ ದೊರೆತಿದೆ. ನಾನಾ ದೇಶಗಳ 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಮನೆಯಲ್ಲಿ ಯಂತ್ರವಿಟ್ಟುಕೊಂಡು ಅಳೆದುಕೊಂಡ ಮಾತ್ರಕ್ಕೆ ಒತ್ತಡವು ಹೆಚ್ಚೇನೂ ಇಳಿಯಲಿಲ್ಲವೆಂದು ಕಂಡುಬಂದಿತು. ಅಳತೆಯ ಜೊತೆಗೆ ವೈದ್ಯರು ಔಷಧವನ್ನು ಸರಿಪಡಿಸುವುದು, ದಾದಿಯರೋ ಔಷಧಜ್ಞರೋ ಮಾತಾಡಿ ನೆರವಾಗುವುದು ಸೇರಿದಾಗ ಮೇಲಿನ ಒತ್ತಡವು ಸರಾಸರಿ 6 ಅಂಕೆಗಳಷ್ಟು ಹೆಚ್ಚು ಇಳಿದಿತ್ತು. ಅಂಕೆಯನ್ನು ನೋಡಿ ಏನಾದರೂ ಮಾಡುವವರು ಬೇಕೆಂಬುದೇ ಇದರ ತಾತ್ಪರ್ಯ.

ರಾಯಚೂರಿನ ಹಳ್ಳಿಗಳಲ್ಲಿ ಆ ಕೆಲಸವು ಮೊದಲು ಬರುವುದು ಆಶಾ ಕಾರ್ಯಕರ್ತೆಯ ಪಾಲಿಗೆ. 30 ವರ್ಷ ತುಂಬಿದವರನ್ನು ಗುರುತಿಸಿ ಆಕೆ ಉಪಕೇಂದ್ರಕ್ಕೆ ಕಳುಹಿಸುತ್ತಾಳೆ. ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರಾಗಿರುವ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯು ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ, 2019ರಲ್ಲಿ ಆರಂಭವಾದ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಪರದೆಯ ಮೇಲೆ ಕಂಡು ಸಲಹೆ ಪಡೆಯಬಹುದು. ರಾಯಚೂರಿಗೆ ಹೋಗಿಬರುವ ಒಂದು ದಿನವು ಇದರಿಂದ ಉಳಿಯುತ್ತದೆ. ಆದರೆ ಪರದೆಯ ಮೇಲಿನ ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಲಾರರು, ಕಾಲಿನ ಗಾಯವನ್ನು ಒತ್ತಿ ನೋಡಲಾರರು. ಎದೆನೋವು, ಒಂದು ಬದಿಯ ಕೈಕಾಲಿನ ಬಲಹೀನತೆ, ತೊದಲು ಮಾತು ಕಂಡರೆ ಯಾವ ಪರದೆಯನ್ನೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬೆವತು ನಡುಗುತ್ತಿದ್ದು, ಸಕ್ಕರೆಯು 70ಕ್ಕಿಂತ ಕೆಳಗಿಳಿದಿದ್ದರೆ ಮೊದಲು ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಯಾರನ್ನು ಎಷ್ಟು ಗಮನಿಸಬೇಕೆಂಬುದೂ ಸೂಕ್ಷ್ಮವಾದ ಪ್ರಶ್ನೆ. ಆರೈಕೆಗಾಗಿ ಬಂದ ಕಣ್ಣು ಕಾವಲಿನ ಕಣ್ಣಾಗಿ ತೋರಿದರೆ ರೋಗಿಯು ಅದರಿಂದ ತಪ್ಪಿಸಿಕೊಳ್ಳುತ್ತಾನೆ. ಕ್ಷಯವೆಂಬ ಹೆಸರು ಬೀದಿಗೆ ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯವು ಇನ್ನೂ ಅಳಿದಿಲ್ಲ. ಆದುದರಿಂದ ಮನೆಗೆ ಬರುವ ಸಿಬ್ಬಂದಿಯು ಅಂಗಳದಲ್ಲಿ ನಿಂತು ರೋಗದ ಹೆಸರನ್ನು ಕೂಗದಿರುವುದು ಔಷಧದಷ್ಟೇ ಮುಖ್ಯ. ರೋಗಿಯ ಅಂಕೆಗಳು ರೋಗಿಯವು. ಅವನ ಒಪ್ಪಿಗೆಯಿಲ್ಲದೆ ಅವು ನೆರೆಮನೆಗೂ ಹೋಗಬಾರದು, ಮೊಬೈಲಿನ ಗುಂಪುಗಳಿಗೂ ಹೋಗಬಾರದು.

ಇಷ್ಟೆಲ್ಲ ವ್ಯವಸ್ಥೆಯ ನಡುವೆ ಯಾವ ದಾಖಲೆಯಲ್ಲಿಯೂ ಹೆಸರಿಲ್ಲದವಳು ಒಬ್ಬಳಿದ್ದಾಳೆ. ಪಾರ್ಶ್ವವಾಯುವಿನಿಂದ ಮಲಗಿದ ಅತ್ತೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ, ಮಾವನ ಊಟದಲ್ಲಿ ಉಪ್ಪನ್ನು ತಗ್ಗಿಸಿ ಬೈಗುಳ ತಿನ್ನುವ, ಚೀಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಸೊಸೆ ಅಥವಾ ಮಗಳು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವಳೂ ಅವಳೇ. ಹೊಸ ಉಪಕರಣವೊಂದು ಮನೆಗೆ ಬಂದಾಗ ಅವಳ ಕೆಲಸವು ಒಂದು ಹೆಚ್ಚಿತೋ ಒಂದು ಕಡಿಮೆಯಾಯಿತೋ ಎಂದು ಕೇಳಿ ನೋಡಬೇಕು. ದಿನಕ್ಕೆ ನಾಲ್ಕು ಬಾರಿ ಅಳೆದು ಬರೆಯೆಂದು ಹೇಳಿ, ಬರೆದುದನ್ನು ಯಾರೂ ಓದದಿದ್ದರೆ ಅದು ಅವಳ ಮೇಲೆ ಹೇರಿದ ಬಿಟ್ಟಿ ದುಡಿಮೆ. ಅದೇ ಯಂತ್ರವು ಒಂದು ವ್ಯರ್ಥ ಪ್ರಯಾಣವನ್ನು ತಪ್ಪಿಸಿದರೆ, ನಡುರಾತ್ರಿಯ ಒಂದು ಭಯವನ್ನು ನೀಗಿದರೆ, ಬೆಂಗಳೂರಿನಲ್ಲಿರುವ ಗಂಡನಿಗೆ ಫೋನಿನಲ್ಲಿ ಅಂಕೆಯನ್ನು ತಿಳಿಸಿ ಹೊಣೆಯನ್ನು ಹಂಚಿಕೊಳ್ಳಲು ನೆರವಾದರೆ ಅದು ಅವಳ ಪಾಲಿನ ಆಸರೆ. ಮೂವತ್ತು ತುಂಬಿದವರೆಲ್ಲರನ್ನೂ ತಪಾಸಣೆಗೆ ಒಳಪಡಿಸಬೇಕೆಂಬ ನಿಯಮವು ಅತ್ತೆಯಂತೆ ಅವಳಿಗೂ ಅನ್ವಯಿಸುತ್ತದೆ. ಅತ್ತೆಯ ಒತ್ತಡವನ್ನು ಬರೆದುಕೊಂಡು ಯಂತ್ರವನ್ನು ಚೀಲಕ್ಕೆ ಸೇರಿಸುವ ಮುನ್ನ, ಬಾಗಿಲ ಬಳಿ ನಿಂತಿರುವ ಸೊಸೆಯನ್ನು ಕೂಡಿಸಿ, 5 ನಿಮಿಷ ಸುಮ್ಮನಿರಿಸಿ, ಪಟ್ಟಿಯನ್ನು ಅವಳ ತೋಳಿಗೂ ಸುತ್ತಬೇಕು.